ನಿಭಾಯಿಸುವ ವಿದ್ಯೆ, ಮುನ್ನಡೆಸುವ ವಿದ್ಯೆ: ಪದವಿ ತರಗತಿಯಲ್ಲಿ ಸಂಸ್ಥೆಗಳನ್ನು ಓದುವ ಬಗೆ

ಜನವರಿಯ ಒಂದು ಬೆಳಿಗ್ಗೆ ಕೊಡಗಿನ ಸಿದ್ದಾಪುರದ ಕಡೆಯ ಒಂದು ರೊಬಸ್ಟಾ ಕಾಫಿ ತೋಟವನ್ನು ಕಣ್ಣಮುಂದೆ ತಂದುಕೊಳ್ಳೋಣ. ತೋಟದ ಗುಮಾಸ್ತರಾದ ರೈಟರ್, ಹಾಜರಿ ಪುಸ್ತಕವಾದ ಚೆಕ್‌ರೋಲ್ ತೆರೆದು ಹೆಸರು ಕರೆಯುತ್ತಿದ್ದಾರೆ. ಮೇಸ್ತ್ರಿ ಯಾವ ಗುಂಪು ಯಾವ ಬ್ಲಾಕಿಗೆ ಹೋಗಬೇಕೆಂದು ಹೇಳುತ್ತಿದ್ದಾರೆ. ಕಣದಲ್ಲಿ ಮೂರು ದಿನಗಳ ಹಣ್ಣು ಹರಡಿಕೊಂಡಿದೆ, ಆಕಾಶದಲ್ಲಿ ಕಾಲವಲ್ಲದ ಕಾಲದ ಮೋಡ ಕಟ್ಟುತ್ತಿದೆ. ಕೊಯ್ಲಿಗೆ ಎಷ್ಟು ಜನ, ಕಣಕ್ಕೆ ಎಷ್ಟು ಜನ, ಮಳೆ ಬಂದರೆ ಟಾರ್ಪಾಲು ಹೊದಿಸುವವರು ಯಾರು, ಸಂಜೆಯ ತೂಕ ಯಾರ ಎದುರಿನಲ್ಲಿ ಆಗಬೇಕು, ಬಟವಾಡೆಯ ದಿನಕ್ಕೆ ಹಣವನ್ನು ಎಲ್ಲಿಂದ ಹೊಂದಿಸಬೇಕು ಎಂಬ ಪ್ರಶ್ನೆಗಳಿಗೆಲ್ಲ ಹತ್ತು ನಿಮಿಷದೊಳಗೆ ಉತ್ತರ ಬೇಕು. ಇದೇ ತೋಟದಲ್ಲಿ ಈ ವರ್ಷ ಇನ್ನೊಂದು ಪ್ರಶ್ನೆಯೂ ಎದ್ದಿದೆ ಎಂದುಕೊಳ್ಳೋಣ. ಯಜಮಾನರ ಮಗಳು ಪದವಿ ಮುಗಿಸಿ ಮನೆಗೆ ಬಂದಿದ್ದಾರೆ. ಕಾಯಿ, ಹಣ್ಣು ಎಂದು ನೋಡದೆ ಒಮ್ಮೆಗೇ ಗೊಂಚಲು ಉದುರಿಸುವ ರೂಢಿಯನ್ನು ಬಿಟ್ಟು, ಕೆಂಪಾದ ಹಣ್ಣನ್ನಷ್ಟೇ ಎರಡು ಮೂರು ಸುತ್ತಿನಲ್ಲಿ ಕೊಯ್ದು, ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರಿಗೆ ಹಾಕಿ, ತೊಳೆದು ಒಣಗಿಸಿ ಪಾರ್ಚ್‌ಮೆಂಟ್ ಬೀಜ ಮಾಡಿದರೆ ಹೆಚ್ಚಿನ ಬೆಲೆ ಸಿಗುತ್ತದೆ ಎಂಬುದು ಅವರ ಮಾತು. ಆದರೆ ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರು ಹಣ್ಣನ್ನು ಆರಿಸಿ ಕೊಯ್ಯತೊಡಗಿದರೆ ಅವರ ದಿನದ ತೂಕ ಇಳಿಯುತ್ತದೆ, ಮತ್ತು ಮೂವತ್ತು ವರ್ಷಗಳಿಂದ ಆ ತೋಟವನ್ನು ಬಲ್ಲ ಮೇಸ್ತ್ರಿಗೆ ಈ ಮಾತು ಒಪ್ಪಿಗೆಯಾಗಿಲ್ಲ.

ಟಾರ್ಪಾಲು, ತೂಕ, ಬಟವಾಡೆಗಳ ಪ್ರಶ್ನೆ ನಿರ್ವಹಣೆಗೆ ಸೇರಿದ್ದು. ರೂಢಿಯನ್ನು ಬದಲಿಸುವ ಪ್ರಶ್ನೆ ನಾಯಕತ್ವಕ್ಕೆ ಸೇರಿದ್ದು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ಜಾನ್ ಕಾಟರ್ 1990ರಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಗುರುತಿಸಿದರು: ಜಟಿಲತೆಯನ್ನು ಎದುರಿಸುವುದು ನಿರ್ವಹಣೆಯ ಕೆಲಸ, ಬದಲಾವಣೆಯನ್ನು ಎದುರಿಸುವುದು ನಾಯಕತ್ವದ ಕೆಲಸ. ನಮ್ಮ ಭಾಷೆಗೆ ಈ ಭೇದ ಹೊಸದೇನಲ್ಲ. ಮದುವೆ ಮನೆಯನ್ನು ‘ನಿಭಾಯಿಸಿದರು’ ಎಂದಾಗ ನಮ್ಮ ಮನಸ್ಸಿಗೆ ಬರುವುದು ಅಡುಗೆ, ಬಂಧುಗಳು, ಖರ್ಚು ಎಲ್ಲವನ್ನೂ ಲೋಪವಿಲ್ಲದೆ ನಡೆಸಿದ ವ್ಯಕ್ತಿ. ‘ಮುಂದಾಳು’ ಎಂದಾಗ ಮನಸ್ಸಿಗೆ ಬರುವುದು, ದಾರಿ ಇನ್ನೂ ಕಾಣದಿರುವಾಗ ಮೊದಲು ಹೆಜ್ಜೆ ಇಟ್ಟು ಇತರರನ್ನೂ ತನ್ನೊಂದಿಗೆ ಕರೆದೊಯ್ಯುವ ವ್ಯಕ್ತಿ. ಈ ಎರಡು ಶಕ್ತಿಗಳು ಒಬ್ಬರಲ್ಲೇ ಇರಬಹುದು, ಇಲ್ಲದೆಯೂ ಇರಬಹುದು. ಪದವಿ ಮಟ್ಟದಲ್ಲಿ ಸಂಸ್ಥಾ ನಾಯಕತ್ವ ಮತ್ತು ನಿರ್ವಹಣೆ ಎಂಬ ಹೆಸರಿನಲ್ಲಿ ಕಲಿಸುವ ಕೋರ್ಸುಗಳು ಈ ಎರಡನ್ನೂ ಕಲಿಯಬಹುದಾದ ವಿದ್ಯೆಗಳೆಂದು ನಂಬಿ ಹೊರಡುತ್ತವೆ.

ಆ ನಂಬಿಕೆಗೆ ಬಹಳ ಹಳೆಯ ಚರಿತ್ರೆಯಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಾರ್ಟನ್ ಶಾಲೆ 1881ರಲ್ಲಿ ಆರಂಭವಾದಾಗ ವ್ಯಾಪಾರವನ್ನು ಕಾಲೇಜಿನಲ್ಲಿ ಕಲಿಸಬಹುದೆಂಬುದೇ ಹೊಸ ವಿಚಾರವಾಗಿತ್ತು. ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜು ವಾಣಿಜ್ಯ ಶಿಕ್ಷಣವನ್ನು 1913ರಲ್ಲಿ ಇಲ್ಲಿಗೆ ತಂದಿತು. ಭಾರತದಲ್ಲಿ ನಿರ್ವಹಣೆಯೆಂಬ ವಿಷಯ ಮೊದಲು ನೆಲೆಯೂರಿದ್ದು ಸ್ನಾತಕೋತ್ತರ ಹಂತದಲ್ಲಿ. ಕಲ್ಕತ್ತಾ ಮತ್ತು ಅಹಮದಾಬಾದಿನ ಐಐಎಂಗಳು 1961ರಲ್ಲಿ ಬಂದವು, ಬೆಂಗಳೂರಿನದು 1973ರಲ್ಲಿ. ಪದವಿ ಹಂತದ ಕೋರ್ಸು ಆಮೇಲೆ ಹರಡಿತು. ಕರ್ನಾಟಕದಲ್ಲಿ ಬಹುಕಾಲ ಬಿಬಿಎಂ ಎಂದು ಕರೆಯಲಾಗುತ್ತಿದ್ದ ಪದವಿಯೇ ಇಂದಿನ ಬಿಬಿಎ. ನಾಯಕತ್ವವನ್ನೇ ಮುಖ್ಯ ವಿಷಯವಾಗಿ ಪದವಿಯಲ್ಲಿ ಕಲಿಸುವ ಪ್ರಯೋಗ ಇನ್ನೂ ಈಚಿನದು: ಅಮೆರಿಕದ ರಿಚ್ಮಂಡ್ ವಿಶ್ವವಿದ್ಯಾಲಯವು ನಾಯಕತ್ವದ ಅಧ್ಯಯನಕ್ಕೆಂದೇ ಜೆಪ್ಸನ್ ಶಾಲೆಯನ್ನು 1992ರಲ್ಲಿ ತೆರೆಯಿತು. ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಈಗ ‘ಸಂಸ್ಥಾ ನಾಯಕತ್ವ’ ಎಂಬ ಹೆಸರಿನಲ್ಲೇ ಬಿಎ ಅಥವಾ ಬಿಎಸ್ಸಿ ಪದವಿಯನ್ನು ಕೊಡುತ್ತವೆ. ಓದನ್ನು ಅರ್ಧದಲ್ಲಿ ಬಿಟ್ಟು ಕೆಲಸಕ್ಕೆ ಸೇರಿದವರು ಮರಳಿ ಬಂದು ಪೂರ್ಣಗೊಳಿಸುವ ಪದವಿಯಾಗಿಯೂ ಅದು ಅಲ್ಲಿ ಬಳಕೆಯಲ್ಲಿದೆ.

ನಮ್ಮಲ್ಲಿ ಆ ಹೆಸರಿನ ಪದವಿ ವಿರಳ. ಇಲ್ಲಿ ಅದೇ ವಿಷಯ ಬಿಬಿಎ, ಬಿಎಂಎಸ್ (ಬ್ಯಾಚುಲರ್ ಆಫ್ ಮ್ಯಾನೇಜ್‌ಮೆಂಟ್ ಸ್ಟಡೀಸ್), ಬಿಕಾಂ ಪದವಿಗಳೊಳಗೆ ಹಂಚಿಹೋಗಿದೆ. ಹೀಗಾಗಿ ದ್ವಿತೀಯ ಪಿಯುಸಿ ಮುಗಿಸಿದ ವಿದ್ಯಾರ್ಥಿಯೂ ಮನೆಯವರೂ ಪದವಿಯ ಹೆಸರನ್ನು ನೋಡಿ ನಿರ್ಧಾರ ಮಾಡಿದರೆ ದಾರಿ ತಪ್ಪುವ ಸಾಧ್ಯತೆ ಹೆಚ್ಚು. ನೋಡಬೇಕಾದ್ದು ಪಠ್ಯಕ್ರಮವನ್ನು. ಯಾವ ಹೆಸರಿನ ಕೋರ್ಸೇ ಆಗಿರಲಿ, ಅದರಲ್ಲಿ ಮೂರು ಎಳೆಗಳು ಹೆಣೆದುಕೊಂಡಿರುತ್ತವೆ. ಯಾವ ಎಳೆ ಎಷ್ಟು ದಪ್ಪ ಎಂಬುದರಲ್ಲೇ ಒಂದು ಕೋರ್ಸಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅಡಗಿದೆ. ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ವ್ಯವಹಾರ ಕಾನೂನುಗಳು ಸಂಸ್ಥೆಯನ್ನು ಅಂಕಿಗಳಲ್ಲೂ ಕರಾರುಗಳಲ್ಲೂ ಓದಲು ಕಲಿಸುತ್ತವೆ. ಮಾರುಕಟ್ಟೆ, ಹಣಕಾಸು, ಉತ್ಪಾದನೆ, ಮಾನವ ಸಂಪನ್ಮೂಲ ಇವು ಸಂಸ್ಥೆಯ ಕೆಲಸಗಳ ವಿಭಾಗಗಳು. ಮೂರನೆಯದು ಮನುಷ್ಯರ ಎಳೆ: ಸಾಂಸ್ಥಿಕ ವರ್ತನೆ, ನಾಯಕತ್ವ, ಸಂವಹನ, ನೀತಿಶಾಸ್ತ್ರ, ಸಂಧಾನ, ಬದಲಾವಣೆಯ ನಿರ್ವಹಣೆ. ಬಿಕಾಂನಲ್ಲಿ ಮೊದಲ ಎಳೆ ದಪ್ಪ, ಬಿಬಿಎಯಲ್ಲಿ ಎರಡನೆಯದು, ಸಂಸ್ಥಾ ನಾಯಕತ್ವದ ಪದವಿಯಲ್ಲಿ ಮೂರನೆಯದು. ಮೂರನೆಯ ಎಳೆಯ ಮೇಲೆ ಒಲವಿರುವವರು ಮೊದಲನೆಯದನ್ನು ಕಡೆಗಣಿಸಬಾರದೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ, ಏಕೆಂದರೆ ಜಮಾಖರ್ಚು ಓದಲು ಬಾರದ ಮುಂದಾಳುವನ್ನು ನಂಬಿ ಹೊರಟವರು ನಡುದಾರಿಯಲ್ಲಿ ನಿಲ್ಲಬೇಕಾಗುತ್ತದೆ.

ಮತ್ತೆ ತೋಟದ ಪ್ರಶ್ನೆಗೇ ಬರೋಣ. ಗೊಂಚಲು ಉದುರಿಸುವ ರೂಢಿಯಲ್ಲಿ ಒಬ್ಬರು ದಿನಕ್ಕೆ 100 ಕಿಲೋ ಕೊಯ್ಯುತ್ತಾರೆ, ಕಿಲೋಗೆ 5 ರೂಪಾಯಿಯಂತೆ 500 ರೂಪಾಯಿ ಪಡೆಯುತ್ತಾರೆ ಎಂದು ಲೆಕ್ಕದ ಅನುಕೂಲಕ್ಕಾಗಿ ಹಿಡಿಯೋಣ. ಕೆಂಪು ಹಣ್ಣನ್ನಷ್ಟೇ ಆರಿಸಿದರೆ ಅದೇ ವ್ಯಕ್ತಿ 60 ಕಿಲೋ ಕೊಯ್ಯಬಹುದು. ದಿನದ ಗಳಿಕೆ ಕಡಿಮೆಯಾಗದಿರಬೇಕಾದರೆ ಕಿಲೋಗೆ 8 ರೂಪಾಯಿ 33 ಪೈಸೆ ಕೊಡಬೇಕು, ಅಂದರೆ ಹಣ್ಣಿನ ಪ್ರತಿ ಕಿಲೋಗೆ 3 ರೂಪಾಯಿ 33 ಪೈಸೆ ಹೆಚ್ಚುವರಿ ಖರ್ಚು. ಐದು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜವೆಂದು ಇಟ್ಟುಕೊಂಡರೆ ಬೀಜದ ಪ್ರತಿ ಕಿಲೋ ಮೇಲೆ ಸುಮಾರು 17 ರೂಪಾಯಿ ಏರುತ್ತದೆ. ಪಲ್ಪರಿನ ವಿದ್ಯುತ್ತು, ನೀರು, ಯಂತ್ರದ ಸವಕಳಿ ಇವೂ ಸೇರಬೇಕು. ಸಿಪ್ಪೆಸಹಿತ ಒಣಗಿಸಿದ ಚೆರ್ರಿಗಿಂತ ಪಾರ್ಚ್‌ಮೆಂಟಿಗೆ ಸಿಗುವ ಹೆಚ್ಚಿನ ಬೆಲೆ ಇಷ್ಟನ್ನೂ ದಾಟಿದರೆ ಮಾತ್ರ ಯಜಮಾನರ ಮಗಳ ಯೋಚನೆಗೆ ನೆಲೆಯಿದೆ. ಇದು ಬಿಬಿಎಯ ವೆಚ್ಚ ಲೆಕ್ಕಶಾಸ್ತ್ರದ ಒಂದು ತರಗತಿಯ ಪಾಠ. ಈ ಲೆಕ್ಕವನ್ನು ಮಾಡದೆ ಮೇಸ್ತ್ರಿಯನ್ನು ಒಪ್ಪಿಸಲು ಹೊರಡುವುದು ನಾಯಕತ್ವವಲ್ಲ, ಹಟ.

ಲೆಕ್ಕ ಸರಿಬಂದ ಮೇಲೆ ಮನುಷ್ಯರ ಪಾಠ ಶುರುವಾಗುತ್ತದೆ. ಈ ಪಾಠವನ್ನು ಬಹುತೇಕ ಪಠ್ಯಕ್ರಮಗಳು ಇತಿಹಾಸದಿಂದ ಆರಂಭಿಸುತ್ತವೆ. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ 1911ರಲ್ಲಿ ‘ವೈಜ್ಞಾನಿಕ ನಿರ್ವಹಣೆ’ಯ ತತ್ತ್ವಗಳನ್ನು ಮುಂದಿಟ್ಟರು, ಕೆಲಸವನ್ನು ಸಣ್ಣ ಚಲನೆಗಳಾಗಿ ಒಡೆದು, ಗಡಿಯಾರ ಹಿಡಿದು ಅಳೆದು, ಅತ್ಯುತ್ತಮ ಕ್ರಮವನ್ನು ನಿಗದಿಪಡಿಸಿ, ಉತ್ಪಾದನೆಗೆ ತಕ್ಕ ಕೂಲಿ ಕೊಡಬೇಕೆಂಬುದು ಅವರ ವಾದ. ಕಿಲೋ ಲೆಕ್ಕದ ಕೂಲಿಯ ಹಿಂದೆ ಇರುವುದೂ ಇದೇ ತರ್ಕ. ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲಿ ನಿರ್ವಹಣೆಯನ್ನು ಯೋಜನೆ, ಸಂಘಟನೆ, ಆಜ್ಞೆ, ಸಮನ್ವಯ, ನಿಯಂತ್ರಣ ಎಂಬ ಐದು ಕೆಲಸಗಳಾಗಿ ವಿಂಗಡಿಸಿ, ಹದಿನಾಲ್ಕು ತತ್ತ್ವಗಳನ್ನು ಹೇಳಿದರು. ಅವುಗಳಲ್ಲಿ ಒಂದು, ಒಬ್ಬ ಕೆಲಸಗಾರನಿಗೆ ಒಬ್ಬರೇ ಆಜ್ಞೆ ಮಾಡಬೇಕೆಂಬುದು. 2018ರ ಆಗಸ್ಟಿನಲ್ಲಿ ಭೂಕುಸಿತಗಳಿಂದ ಕೊಡಗು ಜಿಲ್ಲೆ ತತ್ತರಿಸಿದಾಗ ಪರಿಹಾರ ಕೆಲಸಕ್ಕೆ ಇಳಿದ ಯಾರಿಗೇ ಆಗಲಿ ಆ ತತ್ತ್ವದ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಮುಂದಿನ ಘಟ್ಟದಲ್ಲಿ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆ ಬರುತ್ತದೆ. 1924ರಲ್ಲಿ ಅಲ್ಲಿ ಬೆಳಕನ್ನು ಹೆಚ್ಚಿಸಿದರೆ ಉತ್ಪಾದನೆ ಹೆಚ್ಚುತ್ತದೆಯೇ ಎಂದು ಪರೀಕ್ಷಿಸಲು ಹೊರಟವರಿಗೆ ಬೆಳಕಿಗೂ ಉತ್ಪಾದನೆಗೂ ನೇರ ಸಂಬಂಧ ಕಾಣಲಿಲ್ಲ. ಆಮೇಲಿನ ವರ್ಷಗಳ ಅಧ್ಯಯನಗಳಿಂದ ಎಲ್ಟನ್ ಮೇಯೊ ಮತ್ತವರ ಸಂಗಡಿಗರು, ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ, ತಮ್ಮ ಮಾತು ಕೇಳುತ್ತಿದ್ದಾರೆ ಎಂಬ ಭಾವನೆಯೂ ಗುಂಪಿನೊಳಗಿನ ಸಂಬಂಧಗಳೂ ಕೆಲಸವನ್ನು ಬಹುವಾಗಿ ಪ್ರಭಾವಿಸುತ್ತವೆ ಎಂಬ ತೀರ್ಮಾನಕ್ಕೆ ಬಂದರು. ಈ ಅಂಕಿಗಳನ್ನು ಮತ್ತೆ ಪರಿಶೀಲಿಸಿದ ನಂತರದ ಸಂಶೋಧಕರು ಆ ತೀರ್ಮಾನ ಅಂದುಕೊಂಡಷ್ಟು ಗಟ್ಟಿಯಲ್ಲವೆಂದು ತೋರಿಸಿದ್ದಾರೆ. ಅಬ್ರಹಾಂ ಮ್ಯಾಸ್ಲೊ 1943ರಲ್ಲಿ ಹೇಳಿದ ಅಗತ್ಯಗಳ ಶ್ರೇಣಿಯ ಕತೆಯೂ ಹೀಗೆಯೇ. ಪಠ್ಯಪುಸ್ತಕಗಳಲ್ಲಿ ಕಾಣುವ ಪಿರಮಿಡ್ಡನ್ನು ಅವರು ಬಿಡಿಸಿದ್ದಲ್ಲ. ಮನುಷ್ಯರ ಅಗತ್ಯಗಳು ಅದೇ ಕ್ರಮದಲ್ಲಿ ಮೇಲೇರುತ್ತವೆ ಎಂಬುದಕ್ಕೆ ಬಲವಾದ ಆಧಾರವೂ ಸಿಕ್ಕಿಲ್ಲ. ಈ ಸಂದೇಹಗಳನ್ನು ಮುಚ್ಚಿಟ್ಟು ಸಿದ್ಧಾಂತವನ್ನು ಮಾತ್ರ ಬಾಯಿಪಾಠ ಮಾಡಿಸುವ ತರಗತಿಗಿಂತ, ಯಾವ ಮಾತಿಗೆ ಎಷ್ಟು ಆಧಾರವಿದೆ ಎಂದು ಕೇಳಲು ಕಲಿಸುವ ತರಗತಿ ಬಹಳ ಮೇಲು. ಒಂದು ಕಾಲೇಜಿನ ಗುಣಮಟ್ಟವನ್ನು ಅಳೆಯಲು ನಾನು ಬಳಸುವ ಮೊದಲ ಮಾನದಂಡವೂ ಇದೇ.

ನಾಯಕತ್ವದ ಅಧ್ಯಯನ ಮೊದಮೊದಲು ನಾಯಕನ ಹುಟ್ಟುಗುಣಗಳನ್ನು ಪಟ್ಟಿಮಾಡುವುದರಲ್ಲೇ ಕಾಲ ಕಳೆಯಿತು. ಎತ್ತರ, ದನಿ, ಧೈರ್ಯ, ಬುದ್ಧಿ ಹೀಗೆ ಪಟ್ಟಿ ಬೆಳೆಯಿತೇ ಹೊರತು ಯಾರು ನಾಯಕರಾಗುತ್ತಾರೆಂದು ಮುಂಗಂಡು ಹೇಳಲು ಅದು ಸಾಲಲಿಲ್ಲ. ಕೊಡಗಿನಲ್ಲಿ ಈ ಹಳೆಯ ಕಲ್ಪನೆಗೆ ಇಂದಿಗೂ ಹಿಡಿತವಿದೆ. ನಾಯಕತ್ವವೆಂದೊಡನೆ ಸೇನೆಯ ಸಮವಸ್ತ್ರ ನೆನಪಾಗುವುದು ಇಲ್ಲಿ ಸಹಜ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕೆ.ಎಂ. ಕಾರ್ಯಪ್ಪನವರ ಹೆಸರನ್ನು ಹೊತ್ತ ಕಾಲೇಜು ಮಡಿಕೇರಿಯಲ್ಲಿದೆ. ಆದರೆ ನಾಯಕತ್ವದ ವಿದ್ಯಾರ್ಥಿಗೆ ಅತ್ಯಂತ ಹೆಚ್ಚು ಕಲಿಸುವುದು, ನನ್ನ ದೃಷ್ಟಿಯಲ್ಲಿ, ಮಡಿಕೇರಿಯಲ್ಲೇ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರು ಯುದ್ಧಭೂಮಿಯ ಹೊರಗೆ ಮಾಡಿದ ಕೆಲಸ. 1953ರಲ್ಲಿ ಕೊರಿಯಾದಲ್ಲಿ ಕದನ ನಿಂತಾಗ, ತಮ್ಮ ದೇಶಕ್ಕೆ ಮರಳಲು ಒಪ್ಪದ 20 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ವಿಚಾರವನ್ನು ನೋಡಿಕೊಳ್ಳಲು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾದರು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾಗಳು ಉಳಿದ ಸದಸ್ಯ ರಾಷ್ಟ್ರಗಳು. ಅವು ಎರಡು ಬಣಗಳಾಗಿ ಎಳೆಯುತ್ತಿದ್ದವು. ಅಲ್ಲಿ ಅವರು ಯಾರಿಗೂ ಆಜ್ಞೆ ಮಾಡಿ ಒಪ್ಪಿಸುವಂತಿರಲಿಲ್ಲ. ಅಧಿಕಾರವಿಲ್ಲದ ಕಡೆ ವಿಶ್ವಾಸದಿಂದ ಕೆಲಸ ನಡೆಸುವುದನ್ನೇ ಇಂದಿನ ಪಠ್ಯಕ್ರಮಗಳು ಪ್ರತ್ಯೇಕ ಅಧ್ಯಾಯವಾಗಿ ಕಲಿಸುತ್ತವೆ.

ಗುಣಗಳ ಪಟ್ಟಿಯಿಂದ ವರ್ತನೆಯ ಕಡೆಗೆ ತಿರುಗಿದ ಘಟ್ಟದಲ್ಲಿ ಕರ್ಟ್ ಲೆವಿನ್ ಮತ್ತವರ ಸಂಗಡಿಗರು 1939ರಲ್ಲಿ ಪ್ರಕಟಿಸಿದ ಪ್ರಯೋಗ ಮುಖ್ಯವಾದುದು. ಹುಡುಗರ ಗುಂಪುಗಳಿಗೆ ದರ್ಪದಿಂದ ನಡೆಸುವವರು, ಕೂಡಿ ನಿರ್ಧರಿಸುವವರು, ಎಲ್ಲವನ್ನೂ ಅವರ ಪಾಡಿಗೆ ಬಿಡುವವರು ಎಂಬ ಮೂರು ಬಗೆಯ ಮುಂದಾಳುಗಳನ್ನು ಕೊಟ್ಟು ನೋಡಿದರು. ದರ್ಪದ ಗುಂಪಿನಲ್ಲಿ ಮುಂದಾಳು ಕೋಣೆಯಿಂದ ಹೊರಗೆ ಹೋದೊಡನೆ ಕೆಲಸ ಕುಸಿಯಿತು. ಕೂಡಿ ನಿರ್ಧರಿಸಿದ ಗುಂಪಿನಲ್ಲಿ ಅದು ಹೆಚ್ಚುಕಡಿಮೆ ಹಾಗೆಯೇ ಮುಂದುವರಿಯಿತು. ಇಳಿಜಾರಿನ ತೋಟದಲ್ಲಿ ಮೇಲಿನ ಬ್ಲಾಕಿನಿಂದ ಕೆಳಗಿನ ಬ್ಲಾಕು ಕಾಣದಿರುವಾಗ ಈ ಪ್ರಯೋಗದ ಅರ್ಥ ತಾನಾಗಿ ತಿಳಿಯುತ್ತದೆ. 1967ರಲ್ಲಿ ಫ್ರೆಡ್ ಫೀಡ್ಲರ್ ಎಲ್ಲ ಸಂದರ್ಭಕ್ಕೂ ಒಪ್ಪುವ ಒಂದೇ ಶೈಲಿಯಿಲ್ಲ, ಸಂದರ್ಭ ಮತ್ತು ಶೈಲಿ ಹೊಂದಬೇಕು ಎಂದರು. 1978ರಲ್ಲಿ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್, ಕೊಡು-ಕೊಳ್ಳುವ ಒಪ್ಪಂದದ ಮೇಲೆ ನಡೆಯುವ ನಾಯಕತ್ವವನ್ನೂ ಹಿಂಬಾಲಿಸುವವರ ಗುರಿಗಳನ್ನೇ ಎತ್ತರಿಸುವ ನಾಯಕತ್ವವನ್ನೂ ಬೇರೆಬೇರೆಯಾಗಿ ಗುರುತಿಸಿದರು.

ನಮ್ಮ ತರಗತಿಗಳಲ್ಲಿ ಹೆಚ್ಚು ಕೇಳಿಸಬೇಕಾದ, ಆದರೆ ಒಂದೆರಡು ಸಾಲಿನಲ್ಲಿ ಮುಗಿದುಹೋಗುವ ಇನ್ನೊಂದು ಹೆಸರಿದೆ: ಪಟ್ನಾದ ಮನಃಶಾಸ್ತ್ರಜ್ಞ ಜೆ.ಬಿ.ಪಿ. ಸಿನ್ಹಾ. ಭಾರತದ ಸಂಸ್ಥೆಗಳನ್ನು ಅಧ್ಯಯನ ಮಾಡಿದ ಅವರು 1980ರ ಹೊತ್ತಿಗೆ, ಇಲ್ಲಿ ಪರಿಣಾಮಕಾರಿಯಾಗುವ ಮುಂದಾಳು ಆಸರೆಯನ್ನೂ ಕೊಡುತ್ತಾನೆ, ಕೆಲಸವನ್ನೂ ಕಟ್ಟುನಿಟ್ಟಾಗಿ ಕೇಳುತ್ತಾನೆ ಎಂಬ ಮಾದರಿಯನ್ನು ಮುಂದಿಟ್ಟರು. ಆಸರೆ ಸಿಗುವುದು ಕೆಲಸ ಮಾಡಿದವರಿಗೆ. ಕೆಲಸಗಾರರು ಪಳಗಿದಂತೆ ಮುಂದಾಳು ಕ್ರಮೇಣ ಹಿಂದೆ ಸರಿದು ನಿರ್ಧಾರದಲ್ಲಿ ಅವರಿಗೂ ಪಾಲು ಕೊಡಬೇಕು. ಕೆಲಸಗಾರರ ಸಾಲುಮನೆಯಾದ ಲೈನ್‌ಮನೆಯಲ್ಲಿ ಯಾರಿಗೆ ಜ್ವರ ಬಂದಿದೆ ಎಂಬುದೂ ತಿಳಿದಿರುವ, ನಿನ್ನೆಯ ತೂಕ ಏಕೆ ಕಡಿಮೆಯಾಯಿತು ಎಂದೂ ಕೇಳುವ ಒಳ್ಳೆಯ ಮೇಸ್ತ್ರಿಯನ್ನು ಕಂಡವರಿಗೆ ಈ ಮಾದರಿ ಪರಿಚಿತವೆನಿಸುತ್ತದೆ. ಅದರ ಕೊನೆಯ ಹಂತವಾದ ಹಿಂದೆ ಸರಿಯುವುದು ಮಾತ್ರ ನಮ್ಮ ತೋಟಗಳಲ್ಲಿ ಕಾಣುವುದು ಕಡಿಮೆ.

ಮೇಸ್ತ್ರಿಯ ಮಾತು ಬಂದದ್ದರಿಂದ ಅಧಿಕಾರದ ಪಾಠವನ್ನೂ ಇಲ್ಲೇ ನೋಡಬಹುದು. ಫ್ರೆಂಚ್ ಮತ್ತು ರೇವನ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು 1959ರಲ್ಲಿ ಒಬ್ಬರ ಮಾತು ಇನ್ನೊಬ್ಬರಲ್ಲಿ ನಡೆಯಲು ಐದು ಮೂಲಗಳಿವೆ ಎಂದರು: ಸ್ಥಾನ, ಪ್ರತಿಫಲ ಕೊಡುವ ಶಕ್ತಿ, ಶಿಕ್ಷಿಸುವ ಶಕ್ತಿ, ಪರಿಣತಿ ಮತ್ತು ವ್ಯಕ್ತಿಯ ಮೇಲಿನ ಅಭಿಮಾನ. ಯಜಮಾನರ ಮಗಳ ಕೈಯಲ್ಲಿ ಮೊದಲ ಮೂರಿವೆ. ಮೇಸ್ತ್ರಿಯ ಕೈಯಲ್ಲಿ ಕೊನೆಯ ಎರಡಿವೆ; ಕೆಲಸಗಾರರಲ್ಲಿ ಹಲವರು ತೋಟಕ್ಕೆ ಬಂದದ್ದೇ ಅವರ ಮೂಲಕವಾಗಿರಬಹುದು. ಈಗ ಅಸ್ಸಾಮಿನಿಂದಲೂ ಉತ್ತರದ ಇತರ ರಾಜ್ಯಗಳಿಂದಲೂ ಕೊಯ್ಲಿಗೆ ಬರುವ ಗುಂಪುಗಳಿಗೆ ಅವರದೇ ಮುಂದಾಳುಗಳಿರುತ್ತಾರೆ, ಭಾಷೆಯೂ ಬೇರೆ. ಹೀಗಾಗಿ ತೋಟವನ್ನು ಒಂದೇ ಏಣಿಯಂತೆ ಚಿತ್ರಿಸುವ ಸಂಘಟನಾ ನಕ್ಷೆ ಕಾಗದದ ಮೇಲೆ ಸರಿಯಾಗಿ ಕಂಡರೂ ಮಾತು ನಿಜವಾಗಿ ಯಾರಿಂದ ಯಾರಿಗೆ ಹರಿಯುತ್ತದೆ ಎಂಬುದನ್ನು ತೋರಿಸುವುದಿಲ್ಲ. ಆ ಎರಡನೆಯ ನಕ್ಷೆಯನ್ನು ಬಿಡಿಸಲು ಬರುವುದೇ ಸಾಂಸ್ಥಿಕ ವರ್ತನೆಯೆಂಬ ವಿಷಯದ ಪ್ರಯೋಜನ.

ನಿರ್ವಹಣೆಯ ಶಿಕ್ಷಣ ಕೊಡಗಿಗೆ ಏಕೆ ಬೇಕಾಯಿತು ಎಂಬುದನ್ನು ಅರಿಯಲು ಕಾಫಿ ಮಾರಾಟದ ಇತಿಹಾಸವನ್ನು ಸ್ವಲ್ಪ ವಿವರವಾಗಿ ನೋಡಬೇಕು. 1942ರ ಕಾಫಿ ಕಾಯಿದೆಯಡಿ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ (ಪೂಲಿಗೆ) ಒಪ್ಪಿಸಬೇಕಾಗಿತ್ತು. ಮಂಡಳಿ ಅದನ್ನು ಹರಾಜಿನಲ್ಲಿ ಮಾರಿ, ಬೆಳೆಗಾರರಿಗೆ ಕಂತು ಕಂತಾಗಿ ಹಣ ಕೊಡುತ್ತಿತ್ತು. ಯಾವಾಗ ಮಾರಬೇಕು, ಯಾರಿಗೆ ಮಾರಬೇಕು, ಬೆಲೆ ಇಳಿದರೆ ಏನು ಮಾಡಬೇಕು ಎಂಬ ಪ್ರಶ್ನೆಗಳು ಬೆಳೆಗಾರನ ಅಂಗಳಕ್ಕೆ ಬರುತ್ತಲೇ ಇರಲಿಲ್ಲ. ಒಳ್ಳೆಯ ಬೆಳೆ ತೆಗೆಯುವುದೇ ಒಳ್ಳೆಯ ನಿರ್ವಹಣೆಯಾಗಿತ್ತು. 1990ರ ದಶಕದಲ್ಲಿ ಈ ಪದ್ಧತಿ ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಮಾರಾಟ ಪೂರ್ಣವಾಗಿ ಮುಕ್ತವಾಯಿತು. ಒಂದೇ ತಲೆಮಾರಿನಲ್ಲಿ ಬೆಳೆಗಾರ ವ್ಯಾಪಾರಿಯೂ ಆಗಬೇಕಾಯಿತು. ರೊಬಸ್ಟಾದ ಬೆಲೆ ಲಂಡನ್ನಿನ ಪೇಟೆಯನ್ನೂ ಅರೇಬಿಕಾದ ಬೆಲೆ ನ್ಯೂಯಾರ್ಕಿನ ಪೇಟೆಯನ್ನೂ ನೋಡಿ ಏರಿಳಿಯುತ್ತದೆ ಎಂಬುದು ಗೋಣಿಕೊಪ್ಪದ ಅಂಗಡಿಯ ಮಾತುಕತೆಗೂ ಬಂತು. ಹೊಸ ಶತಮಾನದ ಆರಂಭದಲ್ಲಿ ವಿಶ್ವದ ಕಾಫಿ ಬೆಲೆ ಕುಸಿದಾಗ, ಸಾಲದ ಬಡ್ಡಿ, ದಾಸ್ತಾನು, ಮಾರುವ ಹೊತ್ತು ಇವುಗಳ ನಿರ್ಧಾರ ತಪ್ಪಿದ ಮನೆಗಳು ಬಹಳ ಕಷ್ಟಪಟ್ಟವು. ಹರ್ಬರ್ಟ್ ಸೈಮನ್ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದದ್ದು ಸಂಸ್ಥೆಗಳೊಳಗೆ ನಿರ್ಧಾರಗಳು ಹೇಗೆ ಆಗುತ್ತವೆ ಎಂಬ ಸಂಶೋಧನೆಗಾಗಿ. ಮನುಷ್ಯನಿಗೆ ಎಲ್ಲ ಮಾಹಿತಿಯೂ ಸಿಗುವುದಿಲ್ಲ, ಸಿಕ್ಕರೂ ಎಲ್ಲವನ್ನೂ ತೂಗುವ ಶಕ್ತಿಯಿಲ್ಲ, ಆದ್ದರಿಂದ ಅವನು ಅತ್ಯುತ್ತಮವಾದುದನ್ನಲ್ಲ, ಸಾಕೆನಿಸಿದ್ದನ್ನು ಆರಿಸಿಕೊಳ್ಳುತ್ತಾನೆ ಎಂದು ಅವರು ಹೇಳಿದರು. ಗೋದಾಮಿನಲ್ಲಿ ಚೀಲಗಳನ್ನಿಟ್ಟುಕೊಂಡು ಇಂದು ಮಾರಲೇ, ಏಪ್ರಿಲ್‌ವರೆಗೆ ಕಾಯಲೇ ಎಂದು ಯೋಚಿಸುವ ಬೆಳೆಗಾರನ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಮಾತು ನನಗೆ ಸಿಕ್ಕಿಲ್ಲ.

ಜಿಲ್ಲೆಯಲ್ಲಿ ಓದಬಹುದಾದ ಸಂಸ್ಥೆಗಳು ತೋಟಗಳಷ್ಟೇ ಅಲ್ಲ. ಸಹಕಾರ ಸಂಘವನ್ನು ತೆಗೆದುಕೊಳ್ಳಿ. ಅಲ್ಲಿ ಸದಸ್ಯರ ಮಹಾಸಭೆಯೇ ಪರಮಾಧಿಕಾರ. ಆಡಳಿತ ಮಂಡಳಿ ಚುನಾಯಿತ, ಕಾರ್ಯದರ್ಶಿ ನೇಮಕಗೊಂಡವರು. ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಕಂಪನಿಯಲ್ಲಿ ಷೇರಿಗೆ ತಕ್ಕ ಮತ, ಖಾಸಗಿ ತೋಟದಲ್ಲಿ ಯಜಮಾನರ ಮಾತು. ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ಯಾವ ನಿರ್ಧಾರ ಎಲ್ಲಿ ಬೇಗ ಆಗುತ್ತದೆ, ಎಲ್ಲಿ ತಡವಾಗುತ್ತದೆ, ತಡವಾದರೂ ಎಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ ಎಂದು ಹೋಲಿಸುವುದೇ ಒಂದು ಸೆಮಿಸ್ಟರಿನ ಕೆಲಸ. 1936ರಲ್ಲಿ ಆರಂಭವಾದ ಕೊಡಗಿನ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘವೂ ಅಧ್ಯಯನಕ್ಕೆ ಯೋಗ್ಯವಾದುದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳನ್ನು ನಾಶಮಾಡಿತು. ಸದಸ್ಯರ ಪೆಟ್ಟಿಗೆಗಳೇ ಖಾಲಿಯಾದಾಗ, ಲೆಕ್ಕಪುಸ್ತಕದಲ್ಲಿ ಯಾವ ತಪ್ಪೂ ಇಲ್ಲದ ಉತ್ಪಾದಕರ ಸಂಘವೂ ಅಲುಗಾಡುತ್ತದೆ. ಸಂಸ್ಥೆ ತನ್ನ ಹೊರಗಿನ ಪರಿಸರವನ್ನು ಎಷ್ಟು ಅವಲಂಬಿಸಿದೆ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಕೊಡವರಲ್ಲಿ ಒಂದೇ ವಂಶದ ಮನೆತನವಾದ ಒಕ್ಕವೂ ಒಂದು ಸಂಸ್ಥೆಯೇ. ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಸ್ಥಾನ ವಯಸ್ಸಿನ ಹಿರಿತನದಿಂದ ಬರುತ್ತದೆ. ಮೂಲಮನೆಯಾದ ಐನ್‌ಮನೆ, ಹಿರಿಯರ ಗುಡಿಯಾದ ಕೈಮಡ, ಕೂಡಿ ಅನುಭವಿಸುವ ಜಮೀನು ಇವುಗಳ ವಿಚಾರದಲ್ಲಿ ಊರಿನಲ್ಲಿರುವವರೂ ಬೆಂಗಳೂರಿನಲ್ಲಿರುವವರೂ ಒಮ್ಮತಕ್ಕೆ ಬರಬೇಕಾಗುತ್ತದೆ. ಒಕ್ಕದ ಈ ಶಕ್ತಿಯನ್ನು ಹಾಕಿ ಹಬ್ಬದಲ್ಲಿ ಕಾಣಬಹುದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಮುಂದಾಳುತನದಲ್ಲಿ ಕರಡ ಗ್ರಾಮದ ಮೈದಾನದಲ್ಲಿ 60 ಕುಟುಂಬ ತಂಡಗಳಿಂದ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬ, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳನ್ನು ಕಂಡಿತು. ನಾಕೌಟ್ ಪದ್ಧತಿಯಲ್ಲಿ 360 ತಂಡಗಳಿಗೆ 359 ಪಂದ್ಯಗಳು ಬೇಕು. ಮೈದಾನ, ವೇಳಾಪಟ್ಟಿ, ಊಟ, ಪ್ರಾಯೋಜಕರು, ತೀರ್ಪುಗಾರರು, ಆಂಬುಲೆನ್ಸ್ ಎಲ್ಲವನ್ನೂ ಹೊಂದಿಸುವ ಹೊಣೆಯನ್ನು ಪ್ರತಿ ವರ್ಷ ಬೇರೆಬೇರೆ ಕುಟುಂಬ ಹೊರುತ್ತದೆ. ದುಡಿಯುವವರಲ್ಲಿ ಬಹುಪಾಲು ಜನ ಸಂಬಳವಿಲ್ಲದ ನೆಂಟರಿಷ್ಟರು. ಶಾಶ್ವತ ಕಚೇರಿಯಿಲ್ಲದೆ, ಹಿಂದಿನ ವರ್ಷದ ಅನುಭವ ಮುಂದಿನ ಕುಟುಂಬಕ್ಕೆ ಹೇಗೆ ದಾಟುತ್ತದೆ ಎಂಬ ಪ್ರಶ್ನೆಯನ್ನು ಯಾವುದಾದರೂ ಬಿಬಿಎ ವಿದ್ಯಾರ್ಥಿ ತನ್ನ ಅಂತಿಮ ವರ್ಷದ ಪ್ರಾಜೆಕ್ಟಾಗಿ ಎತ್ತಿಕೊಳ್ಳಬೇಕೆಂದು ನಾನು ಬಹಳ ಕಾಲದಿಂದ ಬಯಸಿದ್ದೇನೆ.

ಪ್ರಾಜೆಕ್ಟಿನ ಮಾತಿಗೆ ಒತ್ತು ಕೊಡಲು ಕಾರಣವಿದೆ. ಈ ವಿಷಯವನ್ನು ಪರೀಕ್ಷೆಗಾಗಿ ಮಾತ್ರ ಓದಿದರೆ ಅದು ವ್ಯಾಖ್ಯೆಗಳ ಗಂಟಾಗಿ ಉಳಿಯುತ್ತದೆ. ‘ಉತ್ತಮ ನಾಯಕನ ಹತ್ತು ಗುಣಗಳನ್ನು ಬರೆಯಿರಿ’ ಎಂಬ ಪ್ರಶ್ನೆಗೆ ಪೂರ್ಣ ಅಂಕ ಪಡೆದವರು ಒಂದು ಸಭೆಯನ್ನು ನಡೆಸಲು ತಡವರಿಸುವುದನ್ನು ನಾನು ಮತ್ತೆಮತ್ತೆ ಕಂಡಿದ್ದೇನೆ. ಒಳ್ಳೆಯ ಕೋರ್ಸಿನಲ್ಲಿ ನಿಜವಾದ ಸಂಸ್ಥೆಯ ಪ್ರಕರಣವನ್ನು ಮುಂದಿಟ್ಟು ಚರ್ಚಿಸುತ್ತಾರೆ, ಗುಂಪಿನಲ್ಲಿ ಕೆಲಸ ಮಾಡಿಸುತ್ತಾರೆ, ಇಂಟರ್ನ್‌ಶಿಪ್ಪಿಗೆ ಕಳುಹಿಸುತ್ತಾರೆ, ಅಲ್ಲಿ ಕಂಡದ್ದನ್ನು ಬರೆಸುತ್ತಾರೆ. ಕೊಡಗಿನ ವಿದ್ಯಾರ್ಥಿ ಇದಕ್ಕಾಗಿ ದೂರ ಹೋಗಬೇಕಿಲ್ಲ. ಹತ್ತಿರದ ಸಹಕಾರ ಸಂಘದ ಉಪವಿಧಿಗಳನ್ನು ಓದಿ, ಮೂರು ವರ್ಷಗಳ ಅಢಾವೆ ಪತ್ರಿಕೆಯನ್ನು ಪಕ್ಕದಲ್ಲಿಟ್ಟು, ಮಹಾಸಭೆಯಲ್ಲಿ ಅನುಮತಿ ಪಡೆದು ಹಿಂದೆ ಕುಳಿತು, ಯಾರು ಮಾತಾಡಿದರು, ಯಾರು ಸುಮ್ಮನಿದ್ದರು, ಯಾವ ನಿರ್ಧಾರ ಸಭೆಗೆ ಮೊದಲೇ ಆಗಿಹೋಗಿತ್ತು ಎಂಬುದನ್ನು ಟಿಪ್ಪಣಿ ಮಾಡಿಕೊಂಡರೆ ಸಾಕು. ಗುಂಪಿನ ಒಮ್ಮತಕ್ಕೆ ಮಣಿದು ಸಂದೇಹವನ್ನು ನುಂಗಿಕೊಳ್ಳುವ ಪ್ರವೃತ್ತಿಯ ಬಗ್ಗೆ ಅರ್ವಿಂಗ್ ಜೇನಿಸ್ 1972ರಲ್ಲಿ ಬರೆದದ್ದು ಆಗ ಪುಟದಿಂದ ಎದ್ದು ಕಣ್ಣೆದುರು ನಿಲ್ಲುತ್ತದೆ.

ಕಾನೂನು ಮತ್ತು ನೀತಿಶಾಸ್ತ್ರಗಳನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಣ ವಿಷಯವೆಂದು ಭಾವಿಸುತ್ತಾರೆ. ತೋಟದ ಕೆಲಸಗಾರರ ವಸತಿ, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯಗಳಿಗೆ ಮಾಲೀಕರನ್ನು ಹೊಣೆಯಾಗಿಸಿದ್ದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ. 2020ರ ಕಾರ್ಮಿಕ ಸಂಹಿತೆ ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಲೈನ್‌ಮನೆಯ ಮಾಡು ಸೋರುವಾಗ ಇದು ಒಣ ವಿಷಯವಾಗಿ ಉಳಿಯುವುದಿಲ್ಲ. ಪಲ್ಪರಿನಿಂದ ಹೊರಬರುವ ನೀರನ್ನು ಶುದ್ಧೀಕರಿಸದೆ ತೋಡಿಗೆ ಬಿಟ್ಟರೆ ಅದು ಕೊನೆಗೆ ಸೇರುವುದು ಕಾವೇರಿಯನ್ನು. ಮೇಲೆ ಮಾಡಿದ ಲೆಕ್ಕದಲ್ಲಿ ನೀರನ್ನು ಶುದ್ಧೀಕರಿಸುವ ಹೊಂಡದ ಖರ್ಚನ್ನು ಸೇರಿಸದಿದ್ದರೆ ಪಾರ್ಚ್‌ಮೆಂಟಿನ ಲಾಭ ನಿಜವಾದ ಲಾಭವಲ್ಲ.

ಇನ್ನು ಪ್ರವೇಶದ ವಿಚಾರ. ಜಿಲ್ಲೆಯ ಪದವಿ ಕಾಲೇಜುಗಳು ದೀರ್ಘಕಾಲ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 2023ರಲ್ಲಿ ಕುಶಾಲನಗರದ ಸಮೀಪದ ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಆರಂಭವಾಯಿತು. ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ವ್ಯವಸ್ಥೆಯನ್ನು 2021-22ರಲ್ಲಿ ಅಳವಡಿಸಿಕೊಂಡಿದ್ದ ಕರ್ನಾಟಕ, 2024-25ರಿಂದ ಆರು ಸೆಮಿಸ್ಟರುಗಳ ಮೂರು ವರ್ಷದ ಪದವಿಗೆ ಮರಳಿದೆ. ಅದೇ ವರ್ಷದಿಂದ ಬಿಬಿಎ, ಬಿಎಂಎಸ್ ಮತ್ತು ಬಿಸಿಎ ಕೋರ್ಸುಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ವ್ಯಾಪ್ತಿಗೆ ಬಂದಿರುವುದರಿಂದ, ಸೇರುವ ಕಾಲೇಜಿಗೆ ಅದರ ಅನುಮೋದನೆ ಇದೆಯೇ ಎಂದು ವಿಚಾರಿಸಬೇಕು. ಮನೆಯಲ್ಲಿದ್ದುಕೊಂಡು ತೋಟವನ್ನೋ ಹೋಂಸ್ಟೇಯನ್ನೋ ನೋಡಿಕೊಳ್ಳುತ್ತ ಓದಬೇಕಾದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಬಿಬಿಎ ಇದೆ. ಪದವಿಯ ಬಳಿಕ ಎಂಬಿಎಗೆ ಹೋಗಬಹುದು, ಬ್ಯಾಂಕು ಮತ್ತು ಆಡಳಿತ ಸೇವೆಯ ಪರೀಕ್ಷೆಗಳಿಗೆ ಕೂರಬಹುದು. ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ: ಆರು ಸೆಮಿಸ್ಟರುಗಳ ಪಠ್ಯಕ್ರಮವನ್ನು ತೋರಿಸುವಿರಾ, ಇಂಟರ್ನ್‌ಶಿಪ್ ಎಷ್ಟು ವಾರ, ಕಳೆದ ವರ್ಷ ವಿದ್ಯಾರ್ಥಿಗಳು ಯಾವ ಸಂಸ್ಥೆಗಳಿಗೆ ಹೋಗಿದ್ದರು, ಅವರು ಬರೆದ ವರದಿಯೊಂದನ್ನು ನೋಡಬಹುದೇ.

ಅಂಥ ಕಾಲೇಜಿನಲ್ಲಿ ಚೆನ್ನಾಗಿ ಓದಿ ಬಂದವರಾಗಿದ್ದರೆ, ಆ ಜನವರಿಯ ಬೆಳಿಗ್ಗೆ ಯಜಮಾನರ ಮಗಳು ಹೊಸ ಪದ್ಧತಿಯನ್ನು ಇಡೀ ತೋಟಕ್ಕೆ ಘೋಷಿಸುವುದಿಲ್ಲ. ಮೊದಲು ಮೇಸ್ತ್ರಿಯನ್ನು ಕಣದ ಬದಿಗೆ ಕರೆದು, ಇದು ಏಕೆ ಆಗಲಾರದು ಎಂದು ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಆಮೇಲೆ ಅವರೇ ಆರಿಸಿದ ನಾಲ್ಕು ಜನರನ್ನು, ದಿನದ ಗಳಿಕೆ ಕಡಿಮೆಯಾಗದಂತೆ ಕೂಲಿ ಗೊತ್ತುಮಾಡಿ, ಒಂದು ವಾರದ ಮಟ್ಟಿಗೆ ಒಂದೇ ಬ್ಲಾಕಿಗೆ ಕಳುಹಿಸುತ್ತಾರೆ. ಸಂಜೆ ತೂಕ ಹಾಕುವಾಗ ಮೇಸ್ತ್ರಿ, ರೈಟರ್ ಇಬ್ಬರೂ ಎದುರಿಗಿರುತ್ತಾರೆ. ಏಳನೆಯ ದಿನ ಚೆಕ್‌ರೋಲಿನ ಪಕ್ಕದಲ್ಲಿ ಹಣ್ಣಿನ ತೂಕ, ಕೊಟ್ಟ ಕೂಲಿ, ಪಾರ್ಚ್‌ಮೆಂಟಿನ ತೂಕ ಎಂದು ಮೂರು ಸಾಲುಗಳಿರುತ್ತವೆ, ಮತ್ತು ಮುಂದಿನ ಬ್ಲಾಕು ಯಾವುದೆಂಬ ಮಾತು ಆ ಮೂರು ಸಾಲುಗಳನ್ನು ಎದುರಿಗಿಟ್ಟುಕೊಂಡು ಮೇಸ್ತ್ರಿಯ ಬಾಯಿಂದಲೇ ಶುರುವಾಗುತ್ತದೆ.